ನೋಯುವ ಕೀಲು, ನಿಲ್ಲದ ಅಭ್ಯಾಸ

ಮೈಸೂರಿನಲ್ಲಿ ಫಿಸಿಯೋಥೆರಪಿಸ್ಟ್ ಆಗಿರುವ ನನ್ನ ಬಳಿಗೆ ಮೂರು ಬಗೆಯ ಜನ ಹೆಚ್ಚಾಗಿ ಬರುತ್ತಾರೆ. ಗರಡಿಯಲ್ಲಿ ಸಾಮು ಮಾಡುವ ಹುಡುಗರು, ಓವಲ್ ಮೈದಾನದಲ್ಲೋ ಕುಕ್ಕರಹಳ್ಳಿ ಕೆರೆಯ ಸುತ್ತಲೋ ಓಡುವ ನಡುವಯಸ್ಸಿನವರು, ಚಾಮುಂಡಿ ಬೆಟ್ಟದ ಮೆಟ್ಟಿಲನ್ನು ವಾರವಾರವೂ ಹತ್ತುವವರು. ಮಂಡಿ, ಹಿಮ್ಮಡಿ, ಸೊಂಟ, ಭುಜ ಹೀಗೆ ನೋವಿನ ಜಾಗ ಬೇರೆಯಾದರೂ ಎಲ್ಲರ ಪ್ರಶ್ನೆ ಒಂದೇ: "ಮೇಡಂ, ನೋವಿದೆ. ಆದ್ರೆ ಬಿಡೋಕಾಗಲ್ಲ. ಏನ್ ಮಾಡ್ಲಿ?"

ಅಷ್ಟು ಹೊತ್ತಿಗೆ ಅವರಿಗೆ ಎರಡು ಸಲಹೆ ಸಿಕ್ಕಿರುತ್ತವೆ. ಮನೆಯವರು "ಸಾಕು, ಬಿಟ್ಬಿಡು" ಎಂದಿರುತ್ತಾರೆ. ಜೊತೆಗೆ ಓಡುವವರು "ಒಂದು ಮಾತ್ರೆ ಹಾಕ್ಕೊ, ಏನೂ ಆಗಲ್ಲ" ಎಂದಿರುತ್ತಾರೆ. ಈ ಎರಡರಲ್ಲೂ ಕೀಲಿಗೆ ಹಿತವಿಲ್ಲ. ಕೀಲು ಆರೋಗ್ಯವಾಗಿರಲು ಕೆಲಸ ಬೇಕು, ಆ ಕೆಲಸ ಎಷ್ಟಿರಬೇಕು ಎಂಬುದನ್ನು ಮರುದಿನ ಬೆಳಗ್ಗೆ ಕೀಲೇ ತಿಳಿಸುತ್ತದೆ. ಇಷ್ಟು ವರ್ಷ ಕ್ರೀಡಾಪಟುಗಳ ನಡುವೆ ಕೆಲಸ ಮಾಡಿ ನಾನು ಗಟ್ಟಿಯಾಗಿ ನಂಬಿರುವುದು ಇದನ್ನು. ಕೆಳಗಿನ ಪಾಠಗಳೆಲ್ಲ ಈ ನಂಬಿಕೆಯ ವಿವರಗಳು.

1. ಮೊದಲು ನೋವಿನ ಬಗೆ ತಿಳಿಯಬೇಕು

ಕೀಲು ನೋವು ಎಂದು ಬಂದವರನ್ನು ನಾನು ಮೊದಲು ಕೇಳುವುದು ಮೂರು ಪ್ರಶ್ನೆ. ಬೆಳಗ್ಗೆ ಎದ್ದಾಗ ಬಿಗಿತ ಎಷ್ಟು ಹೊತ್ತು ಇರುತ್ತದೆ? ಓಡಾಡಿದರೆ ನೋವು ಇಳಿಯುತ್ತದೋ ಏರುತ್ತದೋ? ರಾತ್ರಿ ನೋವಿಗೆ ಎಚ್ಚರವಾಗುತ್ತದೆಯೇ?

ಸವೆತದಿಂದಲೋ ಅತಿಯಾದ ಶ್ರಮದಿಂದಲೋ ಬಂದ ನೋವಿನಲ್ಲಿ ಬೆಳಗಿನ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬಿಡುತ್ತದೆ. ಕೆಲಸ ಹೆಚ್ಚಾದಂತೆ ನೋವೂ ಹೆಚ್ಚುತ್ತದೆ. ಉರಿಯೂತದ ಸಂಧಿವಾತದಲ್ಲಿ ಬಿಗಿತ ಅರ್ಧ ಗಂಟೆ ಮೀರಿ ಉಳಿಯುತ್ತದೆ, ಕುಳಿತಷ್ಟೂ ಹೆಚ್ಚುತ್ತದೆ, ಓಡಾಡಿದರೆ ಹಗುರಾಗುತ್ತದೆ. ನಸುಕಿನಲ್ಲಿ ಸೊಂಟ ನೋವಿಗೆ ಎದ್ದು ಕೂರುತ್ತಿದ್ದ ಕಬಡ್ಡಿ ಆಟಗಾರನೊಬ್ಬ ಬಂದಿದ್ದ. ಡಿಸ್ಕ್ ತೊಂದರೆ ಎಂದು ಅವನಿಗೆ ಹಾಸಿಗೆ ಹಿಡಿಯಲು ಹೇಳಿದ್ದರು. ಮಲಗಿದಷ್ಟೂ ಅವನ ನೋವು ಹೆಚ್ಚಿತ್ತು, ಅಂಗಳಕ್ಕೆ ಇಳಿದ ದಿನ ಕಡಿಮೆಯಾಗಿತ್ತು. ರುಮಟಾಲಜಿಸ್ಟ್ ಬಳಿ ಕಳಿಸಿದಾಗ ಗೊತ್ತಾಗಿದ್ದು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್, ಅಂದರೆ ಬೆನ್ನುಮೂಳೆಯ ಉರಿಯೂತದ ಸಂಧಿವಾತ. ಈ ಕಾಯಿಲೆ ಹೆಚ್ಚಾಗಿ 45 ವರ್ಷದೊಳಗೇ ಶುರುವಾಗುತ್ತದೆ, ಇದರಲ್ಲಿ ವ್ಯಾಯಾಮವೇ ಚಿಕಿತ್ಸೆಯ ಒಂದು ಭಾಗ. ಔಷಧಿಯ ಜೊತೆಗೆ ಅವನ ಅಭ್ಯಾಸವೂ ಮುಂದುವರಿಯಿತು.

ಎರಡೂ ಕೈಗಳ ಬೆರಳಿನ ಸಣ್ಣ ಕೀಲುಗಳು ಒಟ್ಟಿಗೆ ಊದಿಕೊಂಡರೆ ರುಮಟಾಯ್ಡ್ ಸಂಧಿವಾತದ ಅನುಮಾನ ಬರಬೇಕು. ರಾತ್ರೋರಾತ್ರಿ ಕಾಲಿನ ಹೆಬ್ಬೆರಳ ಬುಡ ಕೆಂಪಾಗಿ, ಹೊದಿಕೆ ತಾಗಿದರೂ ಜೀವ ಹೋಗುವಂತೆ ನೋಯುತ್ತಿದ್ದರೆ ಅದು ಯೂರಿಕ್ ಆಮ್ಲದ ಹರಳು ಕೀಲಿನಲ್ಲಿ ಕೂತಿರುವ ಗೌಟ್ ಇರಬಹುದು. ಒಂದೇ ಕೀಲು ಬಿಸಿಯಾಗಿ ಊದಿ, ಜೊತೆಗೆ ಜ್ವರವೂ ಇದ್ದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಕೀಲಿನೊಳಗೆ ಸೋಂಕಾಗಿದ್ದರೆ ದಿನಗಳಲ್ಲೇ ಮೃದ್ವಸ್ಥಿ ಹಾಳಾಗುತ್ತದೆ.

2. ಮರುದಿನ ಬೆಳಗ್ಗೆಯೇ ತೀರ್ಪು

ಓಡುವಾಗ ಮೈ ಬಿಸಿಯಾಗಿರುತ್ತದೆ, ಮನಸ್ಸು ಗುರಿಯ ಮೇಲಿರುತ್ತದೆ. ಆಗಿನ ನೋವು ಪೂರ್ತಿ ಸತ್ಯ ಹೇಳುವುದಿಲ್ಲ. ಹಾಗಾಗಿ ನನ್ನಲ್ಲಿಗೆ ಬರುವವರೆಲ್ಲರೂ ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳುತ್ತಾರೆ. ಸೊನ್ನೆಯಿಂದ ಹತ್ತರವರೆಗಿನ ಅಳತೆಯಲ್ಲಿ ಅಭ್ಯಾಸದ ವೇಳೆ ನೋವು ಎಷ್ಟಿತ್ತು, ಮರುದಿನ ಬೆಳಗ್ಗೆ ಎಷ್ಟಿದೆ ಎಂದು ಎರಡು ಅಂಕಿ ಬರೆದರೆ ಸಾಕು.

ಎರಡರವರೆಗಿನ ನೋವು ಸುರಕ್ಷಿತ. ಐದರವರೆಗೆ ಹೋದರೂ ಒಪ್ಪಬಹುದು, ಆದರೆ ಮರುದಿನ ಬೆಳಗ್ಗೆ ಅದು ಹಳೆಯ ಮಟ್ಟಕ್ಕೆ ಇಳಿದಿರಬೇಕು, ವಾರದಿಂದ ವಾರಕ್ಕೆ ಏರಬಾರದು. ಐದು ದಾಟಿದರೆ ಅಂದಿನ ಕೆಲಸ ಅಲ್ಲಿಗೇ ಮುಗಿಸಬೇಕು. ಸ್ವೀಡನ್ನಿನ ಫಿಸಿಯೋಥೆರಪಿಸ್ಟ್ ರೋಲಾಂಡ್ ಥೊಮೇ 1997ರಲ್ಲಿ ಈ ಕ್ರಮವನ್ನು ವಿವರಿಸಿದರು. ಹಿಮ್ಮಡಿಯ ಸ್ನಾಯುರಜ್ಜು ನೋಯುತ್ತಿದ್ದವರ ಮೇಲೆ ಅದೇ ದೇಶದ ಸಿಲ್ಬರ್‌ನಾಗೆಲ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿ 2007ರಲ್ಲಿ ವರದಿ ಮಾಡಿದರು. ಒಂದು ಗುಂಪಿಗೆ ಓಟ, ಜಿಗಿತ ನಿಲ್ಲಿಸಲು ಹೇಳಿದ್ದರು. ಇನ್ನೊಂದು ಗುಂಪಿಗೆ ಈ ಅಳತೆಯೊಳಗೆ ಓಡಲು ಬಿಟ್ಟಿದ್ದರು. ಎರಡೂ ಗುಂಪಿನವರು ಚಿಕಿತ್ಸೆಯ ವ್ಯಾಯಾಮ ಮಾಡಿ ಸುಧಾರಿಸಿದರು. ಓಡುತ್ತಲೇ ಇದ್ದವರಿಗೆ ಅದರಿಂದ ಹಾನಿಯೇನೂ ಕಾಣಲಿಲ್ಲ.

ಬೆಳಗಿನ ಅಂಕಿ ಊಹೆಯಾಗಬಾರದು. ಪ್ರತಿದಿನ ಒಂದೇ ಪರೀಕ್ಷೆ ಇರಲಿ. ಮಂಡಿ ನೋವಿನವರು ಹಾಸಿಗೆಯಿಂದ ಎದ್ದು, ಕೈ ಊರದೆ ಕುರ್ಚಿಯಿಂದ ಐದು ಸಲ ಏಳಲಿ. ಹಿಮ್ಮಡಿ ನೋವಿನವರು ಬಚ್ಚಲಿಗೆ ಹೋಗುವ ಮೊದಲ ಹತ್ತು ಹೆಜ್ಜೆ ಹೇಗಿತ್ತು ಎಂದು ಗಮನಿಸಲಿ.

3. ನೀರು ತುಂಬಿದ ಮಂಡಿಯಲ್ಲಿ ಓಟವಿಲ್ಲ

ನೋವನ್ನು ಸಹಿಸಬಹುದು, ಊತವನ್ನು ಕಡೆಗಣಿಸಬಾರದು. ಕೀಲಿನೊಳಗೆ ದ್ರವ ಹೆಚ್ಚಾದಾಗ ತೊಡೆಯ ಮುಂಭಾಗದ ಸ್ನಾಯುವಿಗೆ ಹೋಗುವ ನರಸಂದೇಶ ತಗ್ಗುತ್ತದೆ. ಎಷ್ಟೇ ಗಟ್ಟಿಗನಾದರೂ ಆ ಸ್ನಾಯು ಪೂರ್ತಿ ಬಿಗಿಯುವುದಿಲ್ಲ. ತೊಡೆ ಹಿಡಿದುಕೊಳ್ಳಬೇಕಾದ ಪೆಟ್ಟು ಆಗ ನೇರ ಕೀಲಿಗೆ ಬೀಳುತ್ತದೆ.

ಮಂಡಿಯಲ್ಲಿ ನೀರಿದೆಯೇ ಎಂದು ಮನೆಯಲ್ಲೇ ನೋಡಿಕೊಳ್ಳಲು ನಾನು ಎಲ್ಲರಿಗೂ ಕಲಿಸುತ್ತೇನೆ. ಕಾಲು ನೀಡಿ ಮಲಗಿ, ತೊಡೆ ಸಡಿಲ ಬಿಡಿ. ಮಂಡಿಚಿಪ್ಪಿನ ಒಳಬದಿಯಲ್ಲಿ ಒಂದು ಸಣ್ಣ ಗುಳಿ ಇರುತ್ತದೆ. ಅಲ್ಲಿಂದ ತೊಡೆಯ ಕಡೆಗೆ ಅಂಗೈಯಿಂದ ಎರಡು ಮೂರು ಸಲ ಮೇಲಕ್ಕೆ ನೀವಿ. ನಂತರ ಹೊರಬದಿಯಲ್ಲಿ ಮೇಲಿನಿಂದ ಕೆಳಕ್ಕೆ ಒಮ್ಮೆ ನೀವಿ, ಕಣ್ಣು ಒಳಬದಿಯ ಗುಳಿಯ ಮೇಲಿರಲಿ. ಖಾಲಿಯಾಗಿದ್ದ ಗುಳಿ ಮೆಲ್ಲಗೆ ತುಂಬಿ ಉಬ್ಬಿದರೆ ಒಳಗೆ ದ್ರವವಿದೆ. ಎರಡೂ ಮಂಡಿ ಹೋಲಿಸಿ ನೋಡಿ.

ಗುಳಿ ತುಂಬುತ್ತಿದ್ದರೆ ಆ ದಿನ ಓಟ, ಜಿಗಿತ, ಕುಸ್ತಿ ಯಾವುದೂ ಬೇಡ. ಭಾರವಿಲ್ಲದೆ ಸೈಕಲ್ ತುಳಿಯಿರಿ, ಕಾಲು ನೇರ ಮಾಡಿ ತೊಡೆ ಬಿಗಿಹಿಡಿಯುವ ವ್ಯಾಯಾಮ ಮಾಡಿ. ಮಂಡಿ ಹೊರಳಿದ ಕೆಲವೇ ಗಂಟೆಗಳಲ್ಲಿ ಊದಿಕೊಂಡರೆ ಒಳಗೆ ರಕ್ತಸ್ರಾವವಾಗಿರಬಹುದು, ಲಿಗಮೆಂಟ್ ಹರಿದಿರಬಹುದು. ಮಾಲೀಸು ಮಾಡಿಸಲು ಹೋಗದೆ ಮೂಳೆ ವೈದ್ಯರಿಗೆ ತೋರಿಸಿ.

4. ಪೂರ್ತಿ ವಿಶ್ರಾಂತಿ ಮದ್ದಲ್ಲ

ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಕೀಲಿನ ದ್ರವದಿಂದಲೇ ಅದಕ್ಕೆ ಪೋಷಣೆ ಸಿಗಬೇಕು. ಭಾರ ಬಿದ್ದು ಬಿಟ್ಟು, ಬಿದ್ದು ಬಿಟ್ಟು ಆಗುವಾಗ ಆ ದ್ರವ ಒಳಗೆ ಹೊರಗೆ ಆಡುತ್ತದೆ. ತಿಂಗಳುಗಟ್ಟಲೆ ಕಾಲು ಮಡಚದೆ ಕೂತವರ ಮಂಡಿ ಬಲವಾಗುವುದಿಲ್ಲ. ತೊಡೆ ಕರಗುತ್ತದೆ, ಮೊದಲು ನೋವಿಲ್ಲದೆ ಮಾಡುತ್ತಿದ್ದ ಕೆಲಸಕ್ಕೂ ನೋವು ಬರುತ್ತದೆ.

"ಓಡಿದರೆ ಮಂಡಿ ಸವೆಯುತ್ತದೆ" ಎಂಬ ಮಾತಿಗೆ 2017ರಲ್ಲಿ ಪ್ರಕಟವಾದ ಒಂದು ದೊಡ್ಡ ವಿಶ್ಲೇಷಣೆ ಉತ್ತರ ಕೊಡುತ್ತದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಮಂಡಿ, ಸೊಂಟದ ಕೀಲುಗಳ ಸವೆತ ಹವ್ಯಾಸಿ ಓಟಗಾರರಲ್ಲಿ ಶೇ. 3.5, ಓಡದೆ ಕೂತವರಲ್ಲಿ ಶೇ. 10.2, ಉನ್ನತ ಮಟ್ಟದ ಸ್ಪರ್ಧಿಗಳಲ್ಲಿ ಶೇ. 13.3ರಷ್ಟಿತ್ತು. ಆರೋಗ್ಯವಿದ್ದವರೇ ಓಟ ಆಯ್ದುಕೊಂಡಿರಬಹುದು ಎಂಬ ಆಕ್ಷೇಪಕ್ಕೆ ಇಲ್ಲಿ ಜಾಗವಿದೆ. ಆದರೂ ಕುಕ್ಕರಹಳ್ಳಿ ಕೆರೆ ಸುತ್ತ ವಾರಕ್ಕೆ ಮೂರ್ನಾಲ್ಕು ದಿನ ಓಡುವವರನ್ನು ಹೆದರಿಸಲು ಈ ಅಂಕಿಗಳಲ್ಲಿ ಏನೂ ಇಲ್ಲ.

ನೋವು ಕೆರಳಿದ ವಾರಗಳಲ್ಲಿ ನಾನು ಅಭ್ಯಾಸದ ರೂಪ ಬದಲಿಸುತ್ತೇನೆ, ಹೊತ್ತು ಬದಲಿಸುವುದಿಲ್ಲ. ಬೆಳಗ್ಗೆ ಆರಕ್ಕೆ ಓಡುತ್ತಿದ್ದವರು ಅದೇ ಆರಕ್ಕೆ ಸೈಕಲ್ ತುಳಿಯಲಿ, ಈಜು ಬಂದರೆ ಈಜಲಿ, ಇಲ್ಲವೇ ಎದೆಮಟ್ಟದ ನೀರಿನಲ್ಲಿ ನಡೆಯಲಿ. ಹೃದಯ, ಶ್ವಾಸಕೋಶದ ಕಸುವು ಉಳಿಯುತ್ತದೆ, ಬೆಳಗ್ಗೆ ಏಳುವ ರೂಢಿ ಉಳಿಯುತ್ತದೆ. ರೂಢಿ ತಪ್ಪಿದವರು ನೋವು ಹೋದ ಮೇಲೂ ಮೈದಾನಕ್ಕೆ ಮರಳದಿರುವುದನ್ನು ಬಹಳ ಸಲ ನೋಡಿದ್ದೇನೆ.

5. ಹತ್ತುವುದಕ್ಕಿಂತ ಇಳಿಯುವುದು ಭಾರ

"ಹತ್ತೋವಾಗ ಏನೂ ಇಲ್ಲ ಮೇಡಂ, ಇಳಿಯೋವಾಗ ಮಂಡಿ ಕೈ ಕೊಡ್ತದೆ." ಬೆಟ್ಟದಿಂದ ಬಂದವರ ಮಾತು ಹೆಚ್ಚುಕಡಿಮೆ ಇದೇ. ಇದಕ್ಕೆ ಕಾರಣವಿದೆ. ಬರ್ಲಿನ್ನಿನ ಸಂಶೋಧಕರು ಕೃತಕ ಮಂಡಿಯೊಳಗೇ ಅಳತೆಯ ಉಪಕರಣ ಅಳವಡಿಸಿ ನೋಡಿದ್ದಾರೆ. ಸಮನೆಲದಲ್ಲಿ ನಡೆಯುವಾಗ ಕೀಲಿನ ಮೇಲೆ ದೇಹತೂಕದ ಸುಮಾರು ಎರಡೂವರೆ ಪಟ್ಟು ಭಾರ ಬಿದ್ದರೆ, ಮೆಟ್ಟಿಲು ಹತ್ತುವಾಗ ಮೂರು ಪಟ್ಟಿಗಿಂತ ತುಸು ಹೆಚ್ಚು, ಇಳಿಯುವಾಗ ಸುಮಾರು ಮೂರೂವರೆ ಪಟ್ಟು. ಇಳಿಯುವಾಗ ತೊಡೆಯ ಸ್ನಾಯು ಉದ್ದವಾಗುತ್ತಲೇ ದೇಹವನ್ನು ತಡೆಹಿಡಿಯಬೇಕು. ಅಷ್ಟು ಹೊತ್ತಿಗಾಗಲೇ ಅದು ಹತ್ತಿ ದಣಿದಿರುತ್ತದೆ.

ಚಾಮುಂಡಿ ಬೆಟ್ಟಕ್ಕೆ ಸಾವಿರದಷ್ಟು ಮೆಟ್ಟಿಲು. ಮಂಡಿ ನೋಯುತ್ತಿರುವವರಿಗೆ ನನ್ನ ಸಲಹೆ ಸರಳ: ಮೆಟ್ಟಿಲು ಹತ್ತಿ, ತಾಯಿಯ ದರ್ಶನ ಮಾಡಿ, ಸಿಟಿ ಬಸ್ಸಿನಲ್ಲಿ ಇಳಿಯಿರಿ. ಎರಡು ಮೂರು ವಾರ ಬೆಳಗಿನ ಅಂಕಿ ಸುಮ್ಮನಿದ್ದರೆ, ದಾರಿ ಮಧ್ಯದ ನಂದಿ ವಿಗ್ರಹದವರೆಗೆ ಮಾತ್ರ ಹತ್ತಿ ಅಲ್ಲಿಂದ ಇಳಿದು ನೋಡಿ. ಇಳಿಯುವಾಗ ಧಡಧಡ ಜಿಗಿಯದೆ, ಪಾದ ಪೂರ್ತಿ ಊರಿ, ನಿಧಾನ ಇಳಿಯಿರಿ.

ಬಯಲಿನಲ್ಲಿ ಓಡುವವರಿಗೂ ಇದೇ ತತ್ವ ಅನ್ವಯಿಸುತ್ತದೆ. ದೊಡ್ಡ ಹೆಜ್ಜೆ ಹಾಕಿ ಹಿಮ್ಮಡಿಯನ್ನು ಮುಂದೆ ಕುಕ್ಕುವವರ ಮಂಡಿಗೆ ಪೆಟ್ಟು ಹೆಚ್ಚು. ವೇಗ ಅಷ್ಟೇ ಇಟ್ಟುಕೊಂಡು ನಿಮಿಷದ ಹೆಜ್ಜೆಗಳನ್ನು ಶೇ. 5ರಿಂದ 10ರಷ್ಟು ಹೆಚ್ಚಿಸಿದರೆ ಹೆಜ್ಜೆ ಗಿಡ್ಡವಾಗಿ ಮಂಡಿಯ ಭಾರ ಇಳಿಯುತ್ತದೆ. ನಿಮಿಷಕ್ಕೆ 160 ಹೆಜ್ಜೆ ಹಾಕುವವರು 168ರಿಂದ ಶುರು ಮಾಡಬಹುದು.

6. ಬಸ್ಕಿ ಬಿಡಬೇಡಿ, ನಿಧಾನ ಮಾಡಿ

ಮಂಡಿ ನೋವೆಂದರೆ ಗರಡಿಯ ಹುಡುಗರು ಮೊದಲು ಬಿಡುವುದು ಬಸ್ಕಿ. ನಿಜವಾಗಿ ಅದನ್ನು ಉಳಿಸಿಕೊಂಡು ರೀತಿ ಬದಲಿಸಬೇಕು. ನೂರುಗಟ್ಟಲೆ ಬಸ್ಕಿಯನ್ನು ವೇಗವಾಗಿ ಹೊಡೆಯುವಾಗ ಕೆಳಗೆ ಹೋದವನು ಪುಟಿದು ಮೇಲೇಳುತ್ತಾನೆ. ನೋಯುವ ಕೀಲಿಗೆ ಆ ಪುಟಿತವೇ ಕಷ್ಟ. ಅವರಿಗೆ ನಾನು ಕೊಡುವ ಕ್ರಮ ಹೀಗಿದೆ: ಕುರ್ಚಿಯ ಎತ್ತರಕ್ಕಷ್ಟೇ ಇಳಿಯಬೇಕು, ಇಳಿಯಲು ಮೂರು ಎಣಿಕೆ, ಏಳಲು ಮೂರು ಎಣಿಕೆ, ಎಂಟರಿಂದ ಹತ್ತು ಸಲ, ಮೂರು ಸುತ್ತು, ವಾರಕ್ಕೆ ಮೂರು ದಿನ. ಬೆಳಗಿನ ಅಂಕಿ ಒಪ್ಪಿದರೆ ಕೈಯಲ್ಲಿ ಭಾರ ಹಿಡಿಯಬಹುದು, ನಂತರ ಆಳ ಹೆಚ್ಚಿಸಬಹುದು. ಮೊದಲ ದಿನ ಎಲ್ಲರೂ "ಇಷ್ಟೇನಾ ಮೇಡಂ?" ಎನ್ನುತ್ತಾರೆ. ಎರಡನೇ ಸುತ್ತಿನ ಕೊನೆಗೆ ತೊಡೆ ನಡುಗತೊಡಗುತ್ತದೆ.

ಅಷ್ಟಕ್ಕೂ ನೋಯುವವರು ಗೋಡೆಗೆ ಬೆನ್ನು ಕೊಟ್ಟು ಅರ್ಧ ಕೂತು 45 ಸೆಕೆಂಡು ಹಿಡಿಯಲಿ. ನಡುವೆ ಎರಡು ನಿಮಿಷ ಬಿಡುವು ಕೊಟ್ಟು ಐದು ಸಲ ಮಾಡಿದರೆ ಕೆಲವರಿಗೆ ತಕ್ಷಣವೇ ನೋವು ತಗ್ಗುತ್ತದೆ, ನೋವು ತಗ್ಗಿದ ಆ ಹೊತ್ತಿನಲ್ಲಿ ಉಳಿದ ಅಭ್ಯಾಸ ಮುಗಿಸಬಹುದು.

ಸ್ನಾಯುರಜ್ಜು ಭಾರಕ್ಕೆ ಹೇಗೆ ಸ್ಪಂದಿಸುತ್ತದೆ ಎಂಬುದಕ್ಕೆ ಸ್ವೀಡನ್ನಿನ ಮೂಳೆ ವೈದ್ಯ ಹೊಕಾನ್ ಆಲ್‌ಫ್ರೆಡ್ಸನ್ 1998ರಲ್ಲಿ ಪ್ರಕಟಿಸಿದ ಕೆಲಸ ಒಳ್ಳೆಯ ಉದಾಹರಣೆ. ಹಿಮ್ಮಡಿಯ ರಜ್ಜು ನೋಯುತ್ತಿದ್ದ 15 ಹವ್ಯಾಸಿ ಕ್ರೀಡಾಪಟುಗಳಿಗೆ ಅವರು ಮೆಟ್ಟಿಲ ಅಂಚಿನಲ್ಲಿ ಮುಂಗಾಲಿನ ಮೇಲೆ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸುವ ವ್ಯಾಯಾಮ ಕೊಟ್ಟರು. 15 ಸಲದ ಮೂರು ಸುತ್ತು, ದಿನಕ್ಕೆರಡು ಹೊತ್ತು, 12 ವಾರ. ಅವರೆಲ್ಲರೂ ಓಟಕ್ಕೆ ಮರಳಿದರು. ಇಂದಿಗೂ ಜಗತ್ತಿನಾದ್ಯಂತ ಫಿಸಿಯೋಥೆರಪಿಸ್ಟ್‌ಗಳು ಈ ವ್ಯಾಯಾಮವನ್ನೋ ಇದರ ಮಾರ್ಪಾಡನ್ನೋ ಕೊಡುತ್ತಾರೆ. ಇಲ್ಲಿ 12 ವಾರ ಎಂಬುದನ್ನು ಮರೆಯಬಾರದು. ರಜ್ಜು ನಿಧಾನವಾಗಿ ಬದಲಾಗುವ ಅಂಗ. ಮೂರನೇ ವಾರಕ್ಕೆ "ಏನೂ ಪ್ರಯೋಜನವಿಲ್ಲ" ಎಂದು ಬಿಡುವವರಿಗೆ ಅದು ತನ್ನ ಗುಣ ತೋರಿಸುವುದೇ ಇಲ್ಲ.

7. ಒಂದು ಸಲಕ್ಕೆ ಒಂದೇ ಬದಲಾವಣೆ

ನೋವು ಶುರುವಾದ ವಾರದ ಹಿಂದಿನ ಎರಡು ಮೂರು ವಾರ ಏನು ಮಾಡಿದಿರಿ ಎಂದು ಕೇಳಿದರೆ ಕಾರಣ ಹೆಚ್ಚಾಗಿ ಅಲ್ಲೇ ಸಿಗುತ್ತದೆ. ಹೊಸ ಶೂ ಬಂದಿರುತ್ತದೆ, ಅದೇ ವಾರ ದೂರ ಹೆಚ್ಚಿಸಿರುತ್ತಾರೆ, ಜೊತೆಗೆ ಗೆಳೆಯರು ಕರೆದರೆಂದು ಬೆಟ್ಟಕ್ಕೂ ಹೋಗಿರುತ್ತಾರೆ. ದೂರ, ವೇಗ, ಏರಿಳಿತ, ನೆಲ, ಶೂ ಇವುಗಳಲ್ಲಿ ಒಂದನ್ನು ಬದಲಿಸಿದಾಗ ಉಳಿದವು ಎಂದಿನಂತೆಯೇ ಇರಲಿ. ಹಾಗಿದ್ದರೆ ಕೀಲು ಮುನಿಸಿಕೊಂಡಾಗ ಯಾವುದಕ್ಕೆ ಎಂದು ತಿಳಿಯುತ್ತದೆ. ದಸರಾ ಕುಸ್ತಿ ಹತ್ತಿರ ಬಂತೆಂದು ಒಮ್ಮೆಲೇ ಸಾಮು ಇಮ್ಮಡಿಸುವ ಪೈಲ್ವಾನರಿಗೂ ನಾನು ಹೇಳುವುದು ಇದನ್ನೇ: ಹೆಚ್ಚಿಸುವುದನ್ನು ಆಷಾಢದಲ್ಲೇ ಶುರು ಮಾಡಿ.

8. ಓಟಕ್ಕೆ ಮುನ್ನ ಮಾತ್ರೆ ಬೇಡ

ಡೈಕ್ಲೋಫೆನಾಕ್, ಐಬುಪ್ರೊಫೇನ್, ಅಸಿಕ್ಲೋಫೆನಾಕ್ ಮೊದಲಾದ ನೋವಿನ ಮಾತ್ರೆಗಳು ದೇಹದಲ್ಲಿ ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳ ತಯಾರಿಯನ್ನು ತಡೆಯುತ್ತವೆ. ಆಸ್ಪಿರಿನ್ ಕೆಲಸ ಮಾಡುವ ಬಗೆ ಇದು ಎಂದು ಜಾನ್ ವೇನ್ 1971ರಲ್ಲಿ ತೋರಿಸಿದರು, 1982ರಲ್ಲಿ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ಈ ಪ್ರೋಸ್ಟಗ್ಲಾಂಡಿನ್‌ಗಳು ಕೀಲಿನಲ್ಲಿ ನೋವು, ಬಾವು ಹೆಚ್ಚಿಸುವುದು ನಿಜ. ಆದರೆ ಜಠರದ ಒಳಪದರವನ್ನು ಕಾಯುವುದೂ, ದೇಹದ ನೀರು ಕಡಿಮೆಯಾದಾಗ ಮೂತ್ರಪಿಂಡಕ್ಕೆ ರಕ್ತ ಹರಿಯುವಂತೆ ನೋಡಿಕೊಳ್ಳುವುದೂ ಅವೇ. ಬಿಸಿಲಿನಲ್ಲಿ ಬೆವರಿ ಓಡುವವರಿಗೆ ಅವುಗಳ ನೆರವು ಅತ್ಯಗತ್ಯವಾದ ಹೊತ್ತಿನಲ್ಲೇ ಮಾತ್ರೆ ಅವುಗಳನ್ನು ತಡೆದಿರುತ್ತದೆ.

80 ಕಿಲೋಮೀಟರ್ ಓಟದ ಸ್ಪರ್ಧಿಗಳ ಮೇಲೆ ಅಮೆರಿಕದ ಸ್ಟ್ಯಾನ್‌ಫರ್ಡ್ ವೈದ್ಯರು ಮಾಡಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ನಾಲ್ಕು ಗಂಟೆಗೊಮ್ಮೆ 400 ಮಿಲಿಗ್ರಾಂ ಐಬುಪ್ರೊಫೇನ್ ತೆಗೆದುಕೊಂಡವರಲ್ಲಿ ಶೇ. 52 ಮಂದಿಗೆ, ಔಷಧವಿಲ್ಲದ ಮಾತ್ರೆ ತೆಗೆದುಕೊಂಡವರಲ್ಲಿ ಶೇ. 34 ಮಂದಿಗೆ ಮೂತ್ರಪಿಂಡಕ್ಕೆ ಪೆಟ್ಟಾದ ಲಕ್ಷಣ ರಕ್ತಪರೀಕ್ಷೆಯಲ್ಲಿ ಕಂಡಿತು.

ಬಿಪಿ ಮಾತ್ರೆ ತೆಗೆದುಕೊಳ್ಳುವವರು, ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ಸೊರಗಿರುವವರು, ಹೃದಯದ ತೊಂದರೆಯವರು, ಜಠರದ ಹುಣ್ಣಿನ ಇತಿಹಾಸವಿರುವವರು ಈ ಮಾತ್ರೆಗಳನ್ನು ಮೆಡಿಕಲ್ ಸ್ಟೋರಿನಿಂದ ನೇರ ಕೊಂಡು ನುಂಗಲೇಬಾರದು. ವೈದ್ಯರು ಬರೆದುಕೊಟ್ಟಾಗ, ಊಟದ ನಂತರ, ಹೇಳಿದಷ್ಟೇ ದಿನ ತೆಗೆದುಕೊಂಡರೆ ಅವು ಒಳ್ಳೆಯ ಔಷಧಗಳೇ. ಮಂಡಿಯಂಥ, ಚರ್ಮಕ್ಕೆ ಹತ್ತಿರದ ಕೀಲಿಗೆ ಹಚ್ಚುವ ಡೈಕ್ಲೋಫೆನಾಕ್ ಜೆಲ್ ಸಾಕಾಗಬಹುದು. ಅದರಿಂದ ರಕ್ತಕ್ಕೆ ಸೇರುವ ಔಷಧ ಬಹಳ ಕಡಿಮೆ. ನಾನು ಕಡ್ಡಾಯವಾಗಿ ಬೇಡ ಎನ್ನುವುದು ಒಂದನ್ನು: ನೋವು ಮರೆಸಿ ಓಡುವುದಕ್ಕಾಗಿ ನುಂಗುವ ಮಾತ್ರೆ. ಅದನ್ನು ತೆಗೆದುಕೊಂಡ ದಿನ ನಿಮ್ಮ ನೋಟ್‌ಬುಕ್ಕಿನ ಎರಡೂ ಅಂಕಿ ಸುಳ್ಳಾಗುತ್ತವೆ.

9. ಇಂಜೆಕ್ಷನ್ನಿಗೂ ನಾಟಿ ಪುಡಿಗೂ ಆತುರ ಬೇಡ

ಕೀಲಿಗೆ ಹಾಕುವ ಸ್ಟಿರಾಯ್ಡ್ ಇಂಜೆಕ್ಷನ್ ಕೆಲವು ವಾರ ಆರಾಮ ಕೊಡುತ್ತದೆ. ಸಂಧಿವಾತದ ರೋಗಿಗಳಿಗೆ ಅದರ ಅಗತ್ಯ ಬೀಳುವುದೂ ಉಂಟು. ಆದರೆ ಮತ್ತೆ ಮತ್ತೆ ಹಾಕಿಸಿಕೊಂಡರೆ ಬೆಲೆ ತೆರಬೇಕು. ಮಂಡಿ ಸವೆದಿದ್ದ 140 ಜನರಿಗೆ ಎರಡು ವರ್ಷ, ಮೂರು ತಿಂಗಳಿಗೊಮ್ಮೆ ಇಂಜೆಕ್ಷನ್ ಕೊಟ್ಟು ನೋಡಿದ ಅಮೆರಿಕದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಜನರಿಗೆ ಕೊಟ್ಟಿದ್ದು ಸ್ಟಿರಾಯ್ಡ್, ಉಳಿದವರಿಗೆ ಬರೀ ಉಪ್ಪುನೀರು. ಕೊನೆಗೆ ನೋವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ, ಮೃದ್ವಸ್ಥಿ ಮಾತ್ರ ಸ್ಟಿರಾಯ್ಡ್ ಪಡೆದವರಲ್ಲೇ ಹೆಚ್ಚು ನಷ್ಟವಾಗಿತ್ತು.

ಸ್ಪರ್ಧೆಗೆ ಇಳಿಯುವವರು ಇನ್ನೊಂದು ವಿಷಯ ತಿಳಿದಿರಬೇಕು. 2022ರ ಜನವರಿ 1ರಿಂದ ಸ್ಪರ್ಧೆಯ ಅವಧಿಯಲ್ಲಿ ಈ ಬಗೆಯ ಸ್ಟಿರಾಯ್ಡನ್ನು ಯಾವುದೇ ಇಂಜೆಕ್ಷನ್ ರೂಪದಲ್ಲಿ ಪಡೆಯುವುದನ್ನು ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯಾದ ವಾಡಾ ನಿಷೇಧಿಸಿದೆ, ಕೀಲಿಗೆ ಹಾಕುವುದೂ ಅದರಲ್ಲಿ ಸೇರಿದೆ. ನೀವು ಕ್ರೀಡಾಪಟು ಎಂದು ವೈದ್ಯರಿಗೆ ಮೊದಲೇ ಹೇಳಿ. ಅನಿವಾರ್ಯವಾದರೆ ಪೂರ್ವಾನುಮತಿಯ ದಾರಿ ಇದೆ.

ಹೆಸರಿಲ್ಲದ ಪೊಟ್ಟಣದಲ್ಲಿ ಬರುವ ಪುಡಿಗಳ ಬಗ್ಗೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ಎರಡೇ ದಿನದಲ್ಲಿ ಎಲ್ಲ ಕೀಲುಗಳ ನೋವನ್ನೂ ಅಳಿಸುವ ಗಿಡಮೂಲಿಕೆ ನನಗೆ ಗೊತ್ತಿಲ್ಲ. ಅಂಥ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸಿರುವುದು ಹಲವು ಸಲ ಪತ್ತೆಯಾಗಿದೆ. ಮುಖ ಊದುವುದು, ಸಕ್ಕರೆ ಏರುವುದು, ಮೂಳೆ ಟೊಳ್ಳಾಗುವುದು ಅದರ ಫಲ. ತಿಂಗಳುಗಟ್ಟಲೆ ತಿಂದವರು ಒಮ್ಮೆಲೇ ನಿಲ್ಲಿಸಿದರೂ ಅಪಾಯ, ವೈದ್ಯರ ಮೇಲ್ವಿಚಾರಣೆಯಲ್ಲೇ ಬಿಡಿಸಬೇಕು.

10. ಐಸು, ಎಣ್ಣೆ, ಅರಿಶಿನ: ಎಷ್ಟೆಷ್ಟು ನಂಬಬೇಕು?

ಪೆಟ್ಟಾದಾಗ ವಿಶ್ರಾಂತಿ ಮತ್ತು ಐಸು ಎಂಬ ಸೂತ್ರ ಕೊಟ್ಟವರು ಅಮೆರಿಕದ ವೈದ್ಯ ಗೇಬ್ ಮರ್ಕಿನ್, 1978ರಲ್ಲಿ. ಐಸಾಗಲಿ ಪೂರ್ತಿ ವಿಶ್ರಾಂತಿಯಾಗಲಿ ವಾಸಿಯಾಗುವುದನ್ನು ತಡಮಾಡಬಹುದು ಎಂದು ದಶಕಗಳ ನಂತರ ಅವರೇ ಬರೆದರು. ಉರಿಯೂತ ಗಾಯ ಮಾಯುವ ಕೆಲಸದ ಮೊದಲ ಹಂತವೂ ಹೌದು. ನೋವು ತಡೆಯಲಾಗದಿದ್ದಾಗ ಬಟ್ಟೆಯಲ್ಲಿ ಸುತ್ತಿದ ಐಸನ್ನು ಹತ್ತು ನಿಮಿಷ ಇಡಿ, ನೋವು ತಗ್ಗುತ್ತದೆ. ಅದರಿಂದ ಅದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸಬೇಡಿ.

ಎಣ್ಣೆ ಹಚ್ಚಿ ನೀವುವುದರಿಂದ ಬಿಗಿದ ಸ್ನಾಯು ಸಡಿಲವಾಗುತ್ತದೆ, ಬಿಸಿನೀರಿನ ಸ್ನಾನದಿಂದ ಬೆಳಗಿನ ಬಿಗಿತ ಬಿಡುತ್ತದೆ. ಬಿಸಿಯಾಗಿ ಊದಿದ ಕೀಲನ್ನು ಮಾತ್ರ ಒತ್ತಿ ತಿಕ್ಕಬಾರದು.

ಅರಿಶಿನದ ಕರ್ಕ್ಯುಮಿನ್‌ಗೆ ಉರಿಯೂತ ತಗ್ಗಿಸುವ ಗುಣವಿದೆ, ಆದರೆ ಕರುಳಿನಿಂದ ರಕ್ತಕ್ಕೆ ಅದು ಸರಿಯಾಗಿ ಸೇರುವುದಿಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರೀನ್, ಅಂದರೆ ಮೆಣಸಿನ ಸಾರ, ಕೊಟ್ಟಾಗ ರಕ್ತಕ್ಕೆ ಸೇರುವ ಪ್ರಮಾಣ ಸುಮಾರು ಇಪ್ಪತ್ತು ಪಟ್ಟು ಏರಿತು. ಮನೆಯ ಸಾರಿನಲ್ಲಿ ಅರಿಶಿನ, ಮೆಣಸು ಎರಡೂ ಇರುವುದು ಒಳ್ಳೆಯದೇ. ಅದೇ ಸತ್ವವನ್ನು ದೊಡ್ಡ ಪ್ರಮಾಣದ ಮಾತ್ರೆಯಾಗಿ ನುಂಗಿದ ಕೆಲವರಲ್ಲಿ ಯಕೃತ್ತಿಗೆ ತೊಂದರೆಯಾದ ವರದಿಗಳಿವೆ. ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಅದನ್ನು ಮುಟ್ಟಬಾರದು. ಗ್ಲೂಕೋಸಮಿನ್, ಕಾಂಡ್ರಾಯ್ಟಿನ್ ಮಾತ್ರೆಗಳಿಗೆ ತಿಂಗಳು ತಿಂಗಳು ಹಣ ಸುರಿಯುವವರಿಗೂ ಒಂದು ಮಾತು: 1,583 ಜನರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ, ಒಟ್ಟಾರೆಯಾಗಿ ಅವು ಔಷಧವಿಲ್ಲದ ಮಾತ್ರೆಗಿಂತ ಮೇಲೆನಿಸಲಿಲ್ಲ.

11. ಜ್ವರದ ನಂತರದ ಕೀಲಿಗೆ ಬೇರೆ ಲೆಕ್ಕ

2006ರಲ್ಲಿ ಚಿಕೂನ್‌ಗುನ್ಯ ರಾಜ್ಯದ ಹಳ್ಳಿ ಹಳ್ಳಿಗೂ ಹಬ್ಬಿದ್ದು ಹಿರಿಯರಿಗೆ ನೆನಪಿರುತ್ತದೆ. ಈಗಲೂ ಮಳೆಗಾಲದ ನಂತರ ಆ ರೋಗಿಗಳು ಬರುತ್ತಾರೆ. ಜ್ವರ ಕೆಲವೇ ದಿನಗಳಲ್ಲಿ ಬಿಟ್ಟರೂ ಮಣಿಕಟ್ಟು, ಹರಡು, ಬೆರಳುಗಳ ನೋವು ಕೆಲವರಿಗೆ ತಿಂಗಳುಗಟ್ಟಲೆ ಉಳಿಯುತ್ತದೆ. ಜ್ವರವಿರುವಾಗ ಡೆಂಗ್ಯೂ ಅಲ್ಲವೆಂದು ಖಚಿತವಾಗುವ ತನಕ ಡೈಕ್ಲೋಫೆನಾಕ್, ಐಬುಪ್ರೊಫೇನ್, ಆಸ್ಪಿರಿನ್ ಬೇಡ, ರಕ್ತಸ್ರಾವದ ಅಪಾಯವಿದೆ. ವೈದ್ಯರು ಹೇಳಿದಂತೆ ಪ್ಯಾರಾಸಿಟಮಾಲ್ ಸಾಕು.

ಜ್ವರ ಬಿಟ್ಟವರು ಕೂಡಲೇ ಹಳೆಯ ಓಟಕ್ಕೆ ಮರಳುವ ಆತುರ ತೋರಬಾರದು. ಮೊದಲ ಹಂತದಲ್ಲಿ ಎಲ್ಲ ಕೀಲುಗಳನ್ನೂ ಭಾರವಿಲ್ಲದೆ ಪೂರ್ತಿ ಆಡಿಸುವುದು, ನಂತರ ಸಮನೆಲದ ನಡಿಗೆ, ಅದು ಒಪ್ಪಿದ ಮೇಲೆ ನಡಿಗೆಯ ನಡುವೆ ಒಂದೊಂದು ನಿಮಿಷದ ಓಟ. ಪ್ರತಿ ಹಂತಕ್ಕೂ ಬೆಳಗಿನ ಅಂಕಿಯೇ ಒಪ್ಪಿಗೆ ಕೊಡಬೇಕು. ಮೂರು ತಿಂಗಳಾದರೂ ಊತ, ಬಿಗಿತ ಹೋಗದಿದ್ದರೆ ರುಮಟಾಲಜಿಸ್ಟ್‌ಗೆ ತೋರಿಸಿ.

12. ನಿದ್ದೆಯೂ ತೂಕವೂ ಅಭ್ಯಾಸದ ಭಾಗ

ರಾತ್ರಿ ಹನ್ನೆರಡಕ್ಕೆ ಮಲಗಿ ಐದಕ್ಕೆ ಎದ್ದು ಓಡುವುದನ್ನು ಶಿಸ್ತು ಎಂದುಕೊಂಡವರು ಬಹಳ ಮಂದಿ ಇದ್ದಾರೆ. ಹದಿಹರೆಯದ ಕ್ರೀಡಾಪಟುಗಳ ಮೇಲಿನ 2014ರ ಅಧ್ಯಯನದಲ್ಲಿ ಎಂಟು ಗಂಟೆಗಿಂತ ಕಡಿಮೆ ಮಲಗುವವರು ಗಾಯಗೊಳ್ಳುವ ಸಾಧ್ಯತೆ 1.7 ಪಟ್ಟು ಹೆಚ್ಚಿತ್ತು. ನಿದ್ದೆ ಕೆಟ್ಟ ಮರುದಿನ ಅದೇ ನೋವು ಹೆಚ್ಚೆನಿಸುವುದನ್ನು ನನ್ನ ರೋಗಿಗಳ ನೋಟ್‌ಬುಕ್ಕುಗಳಲ್ಲಿ ನಾನು ಸದಾ ನೋಡುತ್ತೇನೆ. ನಿದ್ದೆಯಿಲ್ಲದ ದಿನ ಅಭ್ಯಾಸ ಅರ್ಧಕ್ಕಿಳಿಸಿ.

ತೂಕ ಹೆಚ್ಚಿರುವವರಿಗೆ ಒಂದು ಭರವಸೆಯ ಅಂಕಿ ಇದೆ. ಮಂಡಿ ಸವೆದ ಹಿರಿಯರಲ್ಲಿ ಸ್ಟೀಫನ್ ಮೆಸ್ಸಿಯರ್ ಮತ್ತು ಸಂಗಡಿಗರು 2005ರಲ್ಲಿ ತೋರಿಸಿದಂತೆ, ಒಂದು ಕೆ.ಜಿ. ತೂಕ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಭಾರ ಸುಮಾರು ನಾಲ್ಕು ಕೆ.ಜಿ. ಇಳಿಯುತ್ತದೆ. ಐದು ಕೆ.ಜಿ. ಇಳಿಸಿದವರ ಮಂಡಿಗೆ ಹೆಜ್ಜೆಗೆ ಇಪ್ಪತ್ತು ಕೆ.ಜಿ. ಉಳಿತಾಯ.

13. ನೋವು ಹೇಳಿಕೊಳ್ಳುವ ಹುಡುಗರನ್ನು ಬೈಯಬೇಡಿ

ಈ ಕೊನೆಯ ಪಾಠ ಉಸ್ತಾದರಿಗೆ, ಕೋಚ್‌ಗಳಿಗೆ, ಅಪ್ಪ ಅಮ್ಮಂದಿರಿಗೆ. ಆಯ್ಕೆಯಿಂದ ಕೈಬಿಟ್ಟಾರು, ಹೇಡಿ ಎಂದಾರು ಎಂಬ ಅಂಜಿಕೆಗೆ ಹದಿನಾರು ಹದಿನೇಳರ ಮಕ್ಕಳು ನೋವು ಮುಚ್ಚಿಡುತ್ತಾರೆ. ಬೆಳೆಯುವ ಮೂಳೆಯ ತುದಿಗಳು ಇನ್ನೂ ಗಟ್ಟಿಯಾಗಿರುವುದಿಲ್ಲ. ಮಂಡಿಯ ಕೆಳಗೆ ಗಂಟಿನಂತೆ ಉಬ್ಬಿ ನೋಯುವ ಹುಡುಗ ಬಂದರೆ, ಅವನು ತಿಂಗಳುಗಳಿಂದ ಸುಮ್ಮನೆ ಸಹಿಸಿರುತ್ತಾನೆ. ಮೊದಲ ವಾರದಲ್ಲೇ ಹೇಳಿದ್ದರೆ ಜಿಗಿತ ಸ್ವಲ್ಪ ಕಡಿಮೆ ಮಾಡಿ ಆಟದಲ್ಲೇ ಉಳಿಸಬಹುದಿತ್ತು. ಹೆಣ್ಣುಮಕ್ಕಳಲ್ಲಿ ನೋವಿನ ಜೊತೆ ಮುಟ್ಟು ನಿಂತಿದ್ದರೆ, ಆಹಾರ ಸಾಲದೆ ಮೂಳೆ ಸೊರಗುತ್ತಿರಬಹುದು. ಅದನ್ನು ಕೇಳಲು ಒಬ್ಬ ಮಹಿಳೆಯಾದರೂ ತಂಡದೊಂದಿಗೆ ಇರಬೇಕು.

ಅಭ್ಯಾಸ ಶುರುವಾಗುವ ಮೊದಲು ದಿನವೂ ಎಲ್ಲರನ್ನೂ ಒಂದೇ ಮಾತು ಕೇಳಿ: "ಇವತ್ತು ಬೆಳಗ್ಗೆ ಎಷ್ಟಿತ್ತು?" ಅಂಕಿ ಏರಿದವನಿಗೆ ಅಂದು ಬೇರೆ ಕೆಲಸ ಕೊಡಿ, ಮನೆಗೆ ಕಳಿಸಬೇಡಿ. ಹಾಗೆ ಕೇಳುವ ಗರಡಿಗಳಿಂದ, ಅಂಗಳಗಳಿಂದ ನನ್ನ ಬಳಿಗೆ ಬರುವ ಹುಡುಗರು ಬೇಗ ಬರುತ್ತಾರೆ, ಆದ್ದರಿಂದ ಬೇಗ ಮರಳುತ್ತಾರೆ. ಕೀಲು ಉಳಿಸಿಕೊಂಡು ಆಡುವುದನ್ನು ಹದಿನೇಳಕ್ಕೆ ಕಲಿತವರು ಐವತ್ತರಲ್ಲೂ ಮೈದಾನದಲ್ಲಿರುತ್ತಾರೆ. ಅದನ್ನು ಕಲಿಸುವುದು ದಂಡ, ಬಸ್ಕಿ ಕಲಿಸುವಷ್ಟೇ ಮುಖ್ಯವಾದ ತರಬೇತಿ.